ಸಹಿ ಹಾಕಿ ಕಳಸ್ರೀ ಮೇಡಂ

ಗದಗಿನ ಪ್ರೆಸ್ಸಿನಿಂದ ಬಂದ ಕಟ್ಟುಗಳು ಪಡಸಾಲೆಯ ಗೋಡೆಗೆ ಆನಿಕೊಂಡು ಒಂದರ ಮೇಲೊಂದು ಕೂತಿವೆ. ಹೊರಗೆ ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆ. ಬೆಳಿಗ್ಗೆ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಒಣಗದ ಬಟ್ಟೆಗಳೆಲ್ಲ ಒಳಗೇ ಹಗ್ಗದ ಮೇಲೆ ಬಿದ್ದು, ಮನೆಗೆ ಒಂದು ಮುಗ್ಗಲು ವಾಸನೆ. ಗೆಳತಿಯ ಮಗಳು ಕತ್ತರಿ ತಂದು ಮೊದಲ ಕಟ್ಟಿನ ಸುತಳಿ ಕತ್ತರಿಸುತ್ತಾಳೆ. ಕಟ್ಟಿನ ಹೊದಿಕೆ ಪ್ರೆಸ್ಸಿನಲ್ಲಿ ಹಾಳಾದ ಒಂದು ದೊಡ್ಡ ಹಾಳೆ. ಅದರ ಮೇಲೆ ಬೇರೆ ಯಾರದೋ ಪುಸ್ತಕದ ಎಂಟು ಪುಟಗಳು, ನಾಲ್ಕು ನೆಟ್ಟಗೆ, ನಾಲ್ಕು ತಲೆಕೆಳಗಾಗಿ, ಮಸಿ ಹೆಚ್ಚಾಗಿ ಒತ್ತಕ್ಷರಗಳೆಲ್ಲ ಉಬ್ಬಿಕೊಂಡಿವೆ. ಆ ಹಾಳೆ ಬಿಚ್ಚಿದೊಡನೆ ಬೈಂಡಿಂಗಿನ ಅಂಟು, ಹೊಸ ಕಾಗದ, ಮುಖಪುಟದ ಲ್ಯಾಮಿನೇಶನ್ ಮೂರೂ ಸೇರಿದ ವಾಸನೆ ಎದ್ದು ಒದ್ದೆ ಬಟ್ಟೆಯ ವಾಸನೆಯನ್ನು ಒಂದು ಗಳಿಗೆ ಹಿಂದೆ ತಳ್ಳುತ್ತದೆ.

ಗೆಳತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಮನೆಯಲ್ಲಿ ಕತೆ ಬರೆಯುವವಳು. ಇದು ಆಕೆಯ ಎರಡನೇ ಸಂಕಲನ. ಮೇಲಿನ ಪ್ರತಿಯನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದಳು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ. ಮುಖಪುಟ ದಾಟಿ ನೇರವಾಗಿ ತೆರೆದದ್ದು ಎರಡನೇ ಪುಟ. ಓದುಗರು ಸಾಮಾನ್ಯವಾಗಿ ನೋಡದೆ ದಾಟುವ, ಬರೆದವರು ಮಾತ್ರ ಗಾಬರಿಯಿಂದ ನೋಡುವ ಪುಟ ಅದು. ಹಕ್ಕುಗಳು ಯಾರವು, ಮುದ್ರಣ ಎಷ್ಟನೆಯದು, ಪುಟ 160, ಬೆಲೆ 200, ಬಳಸಿದ ಕಾಗದ 70 ಜಿಎಸ್‌ಎಂ ಎನ್‌.ಎಸ್‌. ಮ್ಯಾಪ್‌ಲಿಥೊ, ಆಕಾರ 1/8 ಡೆಮಿ. ಅಲ್ಲಿ ತಪ್ಪಿಲ್ಲ ಎಂದು ಖಾತ್ರಿಯಾದ ಮೇಲೆಯೇ ಆಕೆ ಉಸಿರು ಬಿಟ್ಟದ್ದು. ಕತೆಯೊಳಗೆ ತಪ್ಪಿದ್ದರೆ ಓದಿದವರು ಹೇಗೂ ಹೇಳುತ್ತಾರೆ, ಫೋಟೊ ತೆಗೆದು, ಕೆಂಪು ಗೆರೆ ಎಳೆದು, ಎಲ್ಲರ ಎದುರಿಗೇ ಹಾಕುತ್ತಾರೆ.

ನಾವು ಮೂಲೆಯ ಕುರ್ಚಿಯಲ್ಲಿ ಕೂತು ನೋಡೋಣ. ಇಲ್ಲಿಂದ ಮುಂದಿನದು ಬರವಣಿಗೆಯಲ್ಲ, ವ್ಯಾಪಾರ. ಅದಕ್ಕೆ ಮೊದಲು ಬೇಕಾದದ್ದು ಬೆಳಕು.

ಊಟದ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದಾಯಿತು. ಫೋನನ್ನು ಅವಲಕ್ಕಿ ಡಬ್ಬಿಗೆ ಆನಿಸಿ ನಿಲ್ಲಿಸಿದ್ದಾಯಿತು, ಡಬ್ಬಿ ಸರಿಯದಂತೆ ಹಿಂದೆ ಉಪ್ಪಿನಕಾಯಿ ಜಾಡಿ ಇಟ್ಟದ್ದೂ ಆಯಿತು. ಪಿಯುಸಿ ಓದುವ ಮಗಳೇ ಇಲ್ಲಿ ನಿರ್ದೇಶಕಿ. "ಮಮ್ಮಿ, ಮೊದಲ ಮೂರು ಸೆಕೆಂಡಿನಾಗ ಏನರ ಹೇಳಿಬಿಡಬೇಕು. ಇಲ್ಲಂದ್ರ ಜನ ಮುಂದ ಸರಸ್ತಾರ." ಗೆಳತಿಗೆ ನಗು. "ಮೂರು ಸೆಕೆಂಡಿನಾಗ ನನ್ನ ನಮಸ್ಕಾರನೂ ಮುಗಿಯೂದಿಲ್ಲಲ್ಲ." ಮೊದಲ ಸಲ ಹೇಳುವಾಗ ಒಳಗಿನ ಕುಕ್ಕರ್ ಸೀಟಿ ಹೊಡೆಯಿತು. ಎರಡನೇ ಸಲ ಪುಸ್ತಕ ಕ್ಯಾಮೆರಾಕ್ಕೆ ತೋರಿಸುವಾಗ ಮುಖಪುಟದ ಮೇಲೆ ಕಿಟಕಿಯ ಬೆಳಕು ಬಿದ್ದು ಹೆಸರೇ ಕಾಣದಂತಾಯಿತು. ಆಮೇಲೆ ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ತರಕಾರಿ ಗಾಡಿಯವನ ಧ್ವನಿಮುದ್ರಿತ ಕೂಗು ಓಣಿಗೆ ಬಂತು: ಉಳ್ಳಾಗಡ್ಡಿ, ಆಲೂಗಡ್ಡಿ, ಹಸಿ ಮೆಣಸಿನಕಾಯಿ. "ಇದನ್ನ ಇರಲಿ ಬಿಡು, ಆತನೂ ಮಾರಾಕ ಬಂದಾನ" ಎಂದಳು ಗೆಳತಿ. ಮಗಳು ಒಪ್ಪಲಿಲ್ಲ.

ಕೊನೆಗೆ ಆಕೆ ಏನೂ ಹೇಳದೆ ಪುಸ್ತಕ ತೆರೆದು ಒಂದು ಕತೆಯ ಅರ್ಧ ಪುಟ ಓದಿದಳು. ಹೊಲ ಮಾರಬೇಕೋ ಬೇಡವೋ ಎಂದು ತಹಶೀಲ್ದಾರ ಕಚೇರಿಯ ಕಟ್ಟೆಯ ಮೇಲೆ ಕೂತ ಮುದುಕಿಯೊಬ್ಬಳು ಎಲೆಯಡಿಕೆ ಹಾಕಿಕೊಳ್ಳುವ ಜಾಗ ಅದು. ಈವರೆಗೆ ಕ್ಯಾಮೆರಾ ಮುಂದೆ ಬಿಗಿದುಕೊಂಡಿದ್ದ ದನಿ ತಾನಾಗಿ ಸಡಿಲಾಯಿತು. ಓದುವಾಗ ಆಕೆಗೆ ಫೋನ್ ಇರುವುದೇ ಮರೆತಂತಿತ್ತು. ಒಳಗಿನಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, "ಆ ಮುದುಕಿ ನನ್ಹಂಗ ಮಾತಾಡ್ತಾಳಲ್ಲ ಯವ್ವಾ" ಎಂದು ತಿರುಗಿ ಹೋದರು. ಆ ಮಾತೂ ವಿಡಿಯೊದಲ್ಲಿ ಸೇರಿಕೊಂಡಿತು. ಮಗಳು ಅದನ್ನು ಕತ್ತರಿಸಲಿಲ್ಲ.

ಸಂಜೆ ಏಳರ ಹೊತ್ತಿಗೆ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ವಾಟ್ಸ್ಆಪ್ ಸ್ಟೇಟಸ್ಸು ಮೂರೂ ಕಡೆ ಮುದುಕಿ ಎಲೆಯಡಿಕೆ ಹಾಕಿಕೊಂಡಳು. ಕೊಳ್ಳುವ ಕೊಂಡಿಯನ್ನು ಮಾತ್ರ ಬರಹದೊಳಗೆ ಇಡದೆ ಮೊದಲ ಕಾಮೆಂಟಿನಲ್ಲಿ ಹಾಕಬೇಕಂತೆ. ಕೊಂಡಿ ಇದ್ದ ಬರಹವನ್ನು ಫೇಸ್‌ಬುಕ್ ಹೆಚ್ಚು ಜನಕ್ಕೆ ತೋರಿಸುವುದಿಲ್ಲ ಎಂಬುದು ಬರೆಯುವವರೆಲ್ಲ ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡು ಬಂದ ನಂಬಿಕೆ. ಆ ಕಂಪನಿ ಒಬ್ಬರಿಗೆ ಕೊಡುವುದು 5,000 ಗೆಳೆಯರನ್ನು ಮಾತ್ರ. ಗೆಳತಿಯ ಲೆಕ್ಕ ಆ ಅಂಚಿಗೆ ಬಂದು ನಿಂತಿದೆ, ಹೊಸಬರನ್ನು ಸೇರಿಸಿಕೊಳ್ಳಬೇಕಾದರೆ ಹಳಬರಲ್ಲಿ ಯಾರನ್ನೋ ಬಿಡಬೇಕು. ವಾಟ್ಸ್ಆಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ ಹಿಡಿಸುವುದು 256 ಜನ. ಅದೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ಸುದ್ದಿ ಮುಟ್ಟುವುದು. ಹಾಗಾಗಿ ಆಕೆಯ ಬಳಿ ಅಂಥ ಪಟ್ಟಿಗಳು ಹಲವಿವೆ: ಶಾಲೆ, ನೆಂಟರು, ಹಳೇ ವಿದ್ಯಾರ್ಥಿಗಳು, ಓದುಗರು, ಮತ್ತೆ 'ತಗೊಳ್ಳಬಹುದು' ಎಂಬ ಹೆಸರಿನದು ಒಂದು.

ಸಂದೇಶಗಳು ಬರತೊಡಗಿದವು. ಅಭಿನಂದನೆಗಳು ಮೇಡಂ. ಶುಭವಾಗಲಿ ಟೀಚರ್. ಕೈಮುಗಿದ ಚಿತ್ರ, ಹೂವಿನ ಚಿತ್ರ, ಚಪ್ಪಾಳೆಯ ಚಿತ್ರ. ಮೇಜಿನ ಮೇಲೆ ಉದ್ದ ನೋಟ್‌ಬುಕ್ ತೆರೆದು ಪೆನ್ನು ಹಿಡಿದು ಕೂತ ಗಂಡ, ಸ್ವಲ್ಪ ಹೊತ್ತು ಕಾದು, ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು. ಇನ್ನೂರು ಜನ ಮೆಚ್ಚಿದ್ದಾರೆ, ವಿಳಾಸ ಕಳಿಸಿದವರು ಇಬ್ಬರು. ಮೂರನೆಯ ಸಂದೇಶ ಬಂದಾಗ ಉತ್ಸಾಹದಿಂದ ಓದಿದರೆ, "ಮೇಡಂ, ಪಿಡಿಎಫ್ ಇದ್ರ ಹಾಕ್ರಿ" ಎಂದಿತ್ತು. ಗೆಳತಿ ಅದಕ್ಕೂ ನಮ್ರವಾಗಿ ಉತ್ತರ ಬರೆದಳು. ನಾನಾಗಿದ್ದರೆ ಬರೆಯುತ್ತಿರಲಿಲ್ಲ. ಪುಸ್ತಕ ಬಂದ ತಿಂಗಳೊಳಗೆ ಅದರ ಪಿಡಿಎಫ್ ಟೆಲಿಗ್ರಾಮಿನಲ್ಲಿ ಓಡಾಡುವುದನ್ನು ಕಂಡ ಕನ್ನಡದ ಬರಹಗಾರರು ಒಬ್ಬಿಬ್ಬರಲ್ಲ, ಅವರಿಗೆ ಈ ಕೋರಿಕೆ ಬೇರೆಯೇ ಥರ ಕೇಳಿಸುತ್ತದೆ.

ನಿಜವಾದ ಆರ್ಡರುಗಳು ಬಂದದ್ದು ರಾತ್ರಿ ಊಟವಾದ ಮೇಲೆ. ಅವು ಬಂದದ್ದೂ ಮೆಚ್ಚಿದವರಿಂದಲ್ಲ, ಒಂದೂ ಗುರುತು ಒತ್ತದೆ ಸುಮ್ಮನೆ ನೋಡಿ ಹೋದವರಿಂದ. ಕುಷ್ಟಗಿಯ ಒಬ್ಬರು ತಂಗಿಯ ಮನೆಯ ವಾಸ್ತುಶಾಂತಿಗೆ ಉಡುಗೊರೆ ಕೊಡಲು ಎರಡು ಪ್ರತಿ ಕೇಳಿದರು. ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುವ ಹಳೇ ವಿದ್ಯಾರ್ಥಿಯೊಬ್ಬ, "ಟೀಚರ್ರೀ, ನೀವು ನನಗ ಗಣಿತದಾಗ ಫೇಲ್ ಮಾಡಿದ್ರಿ, ಆದ್ರೂ ತಗೋತೀನಿ" ಎಂದು ಬರೆದು ದುಡ್ಡು ಹಾಕಿದ. ಯುಪಿಐ ಬಂದದ್ದು 2016ರಲ್ಲಿ. ಅದಿಲ್ಲದೆ ಈ ಪಡಸಾಲೆಯ ಅಂಗಡಿ ನಡೆಯುತ್ತಲೇ ಇರಲಿಲ್ಲ. ಹಿಂದೆ ಇದೇ ಕೆಲಸಕ್ಕೆ ವಿ.ಪಿ.ಪಿ. ಇತ್ತು: ಪೋಸ್ಟ್‌ಮನ್ ಪುಸ್ತಕ ತಂದಾಗ ಮನೆಯಲ್ಲಿ ರೊಕ್ಕ ಇರಬೇಕಿತ್ತು, ಇಲ್ಲದಿದ್ದರೆ ಅದೇ ಪುಸ್ತಕ ಮೂಲೆಗಳೆಲ್ಲ ಮಡಚಿಕೊಂಡು ವಾಪಸು ಬರುತ್ತಿತ್ತು. ಈಗ ರೊಕ್ಕ ಮೊದಲು ಬರುತ್ತದೆ, ಅದರ ಸ್ಕ್ರೀನ್‌ಶಾಟ್ ಹಿಂದಿನಿಂದ, ವಿಳಾಸ ಮಾತ್ರ ಮೂರು ಸಲ ಕೇಳಿದ ಮೇಲೆ.

ಆ ವಿಳಾಸಗಳನ್ನು ಗಂಡ ಬಿಳಿ ಚೀಟಿಯ ಮೇಲೆ ದುಂಡಗೆ ಬರೆಯುತ್ತಾರೆ. ಹನುಮಪ್ಪನ ಗುಡಿ ಹಿಂದುಗಡೆ, ಹಾಲಿನ ಡೇರಿ ಎದುರಿಗೆ, ಕೇರಾಫ್ ಕಿರಾಣಿ ಅಂಗಡಿ. ಹಾಗೆ ಬರೆಯುತ್ತ ಹೋದಂತೆ ಕರ್ನಾಟಕದ ಓಣಿಗಳೆಲ್ಲ ಮೇಜಿನ ಮೇಲೆ ಹರಡಿಕೊಳ್ಳುತ್ತವೆ. ಗೆಳತಿ ಪ್ರತಿಯೊಂದಕ್ಕೂ ಸಹಿ ಹಾಕುತ್ತಾಳೆ. ಮೇಲೆ ಓದುವವರ ಹೆಸರು, ಕೆಳಗೆ ತನ್ನದು, ನಡುವೆ ಒಂದು ಸಾಲು. ಪ್ರತಿಯೊಬ್ಬರಿಗೂ ಬೇರೆ ಸಾಲು ಬರೆಯಬೇಕೆಂಬುದು ಆಕೆಯ ಹಟ. ಸಹಿ ಒಣಗುವ ತನಕ ಪುಸ್ತಕ ಮುಚ್ಚುವಂತಿಲ್ಲವಲ್ಲ, ಹಾಗಾಗಿ ದಿವಾನ, ಟಿವಿ ಸ್ಟ್ಯಾಂಡು, ಫ್ರಿಜ್ಜಿನ ತಲೆ ಎಲ್ಲ ಕಡೆ ಬಾಯಿ ತೆರೆದ ಪುಸ್ತಕಗಳು. ಮಗಳು ಹಳೇ ಪೇಪರಿನಲ್ಲಿ ಒಂದು ಸುತ್ತು, ಅದರ ಮೇಲೆ ಪ್ಲಾಸ್ಟಿಕ್ ಚೀಲ, ಮೇಲೆ ಖಾಕಿ ಕಾಗದ ಸುತ್ತುತ್ತಾಳೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಬಿಟ್ಟರೆ ಕತೆ ಮುಗಿದ ಹಾಗೆಯೇ. ಸೆಲೊಟೇಪ್ ಹರಿಯುವ ಕರ್ರ್ ಎಂಬ ಸದ್ದು ಹನ್ನೊಂದು ಗಂಟೆಯವರೆಗೂ ನಡೆದಿತ್ತು.

ಪುಸ್ತಕ ಬರೆದವರೇ ಅದನ್ನು ಹೊತ್ತು ಮಾರುವುದು ಧಾರವಾಡದ ಸೀಮೆಗೆ ಹೊಸ ಸಂಗತಿಯಲ್ಲ. ಕನ್ನಡ ಕಾದಂಬರಿಯ ಪಿತಾಮಹರೆಂದು ಹೆಸರಾದ ಗಳಗನಾಥರು ಈ ಗೆಳತಿಯ ಹಾಗೆಯೇ ಮಾಸ್ತರಿಕೆ ಮಾಡಿದವರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಅವರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ನಡೆದು, ಮನೆ ಮನೆಯ ಕಟ್ಟೆಯ ಮೇಲೆ ಗಂಟು ಬಿಚ್ಚಿ ಮಾರಿದರು. ಅತ್ತ ಬೆಂಗಳೂರಿನಲ್ಲಿ ಜಿ.ಪಿ. ರಾಜರತ್ನಂ ಅವರೂ ಕನ್ನಡ ಪುಸ್ತಕಗಳನ್ನು ಕೈಯಾರೆ ಮಾರಿದವರೇ. ಶಿವರಾಮ ಕಾರಂತರಂತೂ ಪುತ್ತೂರಿನಲ್ಲಿ ಬರೆಯುವುದು, ಚಿತ್ರ ಬಿಡಿಸುವುದು, ಅಚ್ಚು ಹಾಕುವುದು, ಪ್ರಕಟಿಸುವುದು ಎಲ್ಲಕ್ಕೂ ತಾವೇ ಕೈಹಾಕಿದರು. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಇದೇ ಊರಿನ ಸುಭಾಸ ರಸ್ತೆಯ ಅಟ್ಟದ ಮೇಲಿದೆ. ಚಂದಾ ಕಟ್ಟಿದ ಓದುಗರಿಗೆ ವರ್ಷ ವರ್ಷ ಅಂಚೆಯಲ್ಲಿ ಪುಸ್ತಕ ಕಳಿಸಿ ಬದುಕಿದ ಸಂಸ್ಥೆ ಅದು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಬಂದದ್ದು ಆ ಅಟ್ಟದಿಂದ. ಮುಂಗಡ ಹಣ ಕೊಟ್ಟು ಕಾಯುವ ಓದುಗರ ಪಟ್ಟಿ ಆಗಲೂ ಇತ್ತು, ಅದು ರಿಜಿಸ್ಟರ್ ಪುಸ್ತಕದಲ್ಲಿತ್ತು.

ಆದರೂ ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಟ್ಟರೆ ಆಗದು. ಗಳಗನಾಥರು ಸಂಜೆ ಗಂಟು ಕಟ್ಟಿ ಯಾರದೋ ಜಗುಲಿಯ ಮೇಲೆ ಮಲಗಿದರೆ ಅಂಗಡಿ ಮುಚ್ಚಿದಂತೆ. ಗೆಳತಿಯ ಅಂಗಡಿಗೆ ಬಾಗಿಲೇ ಇಲ್ಲ. ತರಗತಿ ಮುಗಿಸಿ ಸ್ಟಾಫ್‌ರೂಮಿಗೆ ಬಂದರೆ ಫೋನು, ಒಗ್ಗರಣೆ ಹಾಕುವಾಗ ಫೋನು. ಎರಡು ದಿನ ಏನೂ ಹಾಕದಿದ್ದರೆ ಜನ ಮರೆಯುತ್ತಾರೆ ಎಂಬ ಅಂಜಿಕೆ ಬೇರೆ. ಹಾಗಾಗಿ ಪುಸ್ತಕ ಇಲ್ಲದ ದಿನಗಳಲ್ಲೂ ಬರೆಯುವ ಬದುಕನ್ನೇ ತುಂಡು ತುಂಡಾಗಿ ತೋರಿಸುತ್ತಿರಬೇಕು: ಹೊಡೆದುಹಾಕಿದ ಸಾಲುಗಳ ಪುಟದ ಫೋಟೊ, ಚಹಾದ ಕಪ್ಪಿನ ಪಕ್ಕ ತೆರೆದಿಟ್ಟ ವಹಿ, ಕತೆ ಹೊಳೆದ ಬಸ್ ಸ್ಟಾಪು. ಇವುಗಳಲ್ಲಿ ಹೊಡೆದುಹಾಕಿದ ಸಾಲುಗಳ ಫೋಟೊಕ್ಕೆ ಬಂದಷ್ಟು ಮಾತು ಮುಗಿದ ಕತೆಗೆ ಬರಲಿಲ್ಲ ಎಂದು ಆಕೆ ಹೇಳುವಾಗ ಬೇಸರವೋ ಬೆರಗೋ ತಿಳಿಯುವುದಿಲ್ಲ. ನನಗನ್ನಿಸುವುದು, ಆ ಫೋಟೊ ನೋಡಿದವರಲ್ಲಿ ಬರೆಯಬೇಕೆಂದು ಆಸೆಯಿದ್ದೂ ಅಂಜಿದವರು ಬಹಳ ಇರಬೇಕು. ಇವರೂ ನಮ್ಮ ಹಾಗೆಯೇ ಹೊಡೆದು ಹೊಡೆದು ಬರೆಯುತ್ತಾರಲ್ಲ ಎಂಬ ಸಮಾಧಾನ ಅವರಿಗೆ ಪುಸ್ತಕದ ಅಚ್ಚುಕಟ್ಟಾದ ಪುಟದಲ್ಲಿ ಎಲ್ಲಿ ಸಿಗಬೇಕು?

ನಿಜವಾಗಿ ಬರೆಯುವ ಹೊತ್ತು ಬೆಳಗಿನ ನಾಲ್ಕೂವರೆಗೆ ಸರಿದಿದೆ. ಆಗ ಫೋನು ಅಡುಗೆಮನೆಯ ಗೂಡಿನಲ್ಲಿ, ಮೆಂತ್ಯದ ಡಬ್ಬಿಯ ಹಿಂದೆ ಇರುತ್ತದೆ. ಆ ಒಂದೂವರೆ ತಾಸಿನ ಫೋಟೊ ಮಾತ್ರ ಈವರೆಗೆ ಯಾರೂ ನೋಡಿಲ್ಲ.

ಸೋಮವಾರ ಶಾಲೆಗೆ ಹೋಗುವ ದಾರಿಯಲ್ಲಿ ಅಂಚೆ ಕಚೇರಿ. ಎರಡು ಚೀಲಗಳ ತುಂಬ ಪೊಟ್ಟಣ, ಸ್ಕೂಟಿಯ ಮುಂದೊಂದು, ಹಿಂದೆ ನಮ್ಮ ತೊಡೆಯ ಮೇಲೊಂದು. ಒಳಗೆ ಒದ್ದೆ ಛತ್ರಿಗಳ ಸಾಲು, ಅರಗಿನ ಹಳೇ ವಾಸನೆ, ಮುದ್ರೆ ಬೀಳುವ ಧಬ್ ಧಬ್. ಕೌಂಟರಿನ ತೂಕದ ಯಂತ್ರದ ಮೇಲೆ ಒಂದೊಂದೇ ಪೊಟ್ಟಣ ಏರಿ ಇಳಿಯುತ್ತದೆ. ಮನೆಯಲ್ಲೇ ಅಡುಗೆಯ ತಕ್ಕಡಿಯಲ್ಲಿ ತೂಗಿ ತಂದಿದ್ದರೂ ಗೆಳತಿಯ ಕಣ್ಣು ಆ ಕೆಂಪು ಅಂಕಿಗಳ ಮೇಲೆಯೇ. ಸಣ್ಣ ಪ್ರಕಾಶಕರು, ತಾವೇ ಪುಸ್ತಕ ಕಳಿಸುವ ಲೇಖಕರು ಬಹುಕಾಲ ನೆಚ್ಚಿಕೊಂಡಿದ್ದದ್ದು ರಿಜಿಸ್ಟರ್ಡ್ ಬುಕ್ ಪೋಸ್ಟನ್ನು. ಅಂಚೆ ಇಲಾಖೆ ಅದನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಸಾಗಣೆಯ ಖರ್ಚನ್ನು ಯಾರ ಮೇಲೆ ಹಾಕಬೇಕು ಎಂಬ ಚಿಂತೆ ಆಗ ಎಲ್ಲರ ಮನೆಯಲ್ಲೂ. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂತು. 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೊವರೆಗೆ 100 ರೂಪಾಯಿ, ಮೇಲೆ ತೆರಿಗೆ. ಸಾಗುವುದು ನೆಲದ ದಾರಿಯಲ್ಲಿ, ನಿಧಾನ. ಹೀಗಾಗಿ 300 ಗ್ರಾಮಿನ ಗೆರೆ ಈಗ ಆಕೆಗೆ ಹತ್ತನೇ ತರಗತಿಯ ಪ್ರಮೇಯಕ್ಕಿಂತ ಪಕ್ಕಾ.

ಕೌಂಟರಿನಾಕೆ ಪೊಟ್ಟಣ ತಿರುಗಿಸಿ ನೋಡಿ, "ಒಳಗ ಏನೈತ್ರಿ?" ಎಂದು ಕೇಳಿದಳು.

"ಕತಿ ಪುಸ್ತಕ್ರೀ."

"ಯಾರು ಬರದದ್ದು?"

"ನಾನ ಬರದೇನ್ರಿ."

ಆಕೆ ತಲೆಯೆತ್ತಿ ಒಮ್ಮೆ ಮುಖ ನೋಡಿದಳು. ಹಿಂದೆ ಸಾಲಿನಲ್ಲಿ ನಿಂತವರೂ ನೋಡಿದರು. "ಹಂಗಾದ್ರ ಒಂದು ನನಗೂ ಇಡ್ರಿ, ಓದಾಕ ಟೈಮ್ ಸಿಗೂದಿಲ್ಲ, ಆದ್ರೂ ಇರಲಿ" ಎಂದು ಮತ್ತೆ ಮುದ್ರೆ ಒತ್ತತೊಡಗಿದಳು. ಫೇಸ್‌ಬುಕ್ಕಿನ ಇನ್ನೂರು ಮೆಚ್ಚುಗೆಗಿಂತ ಈ ಸಾಲಿನಲ್ಲಿ ನಿಂತವರ ನೋಟಕ್ಕೆ ಆಕೆಯ ಕಿವಿ ಹೆಚ್ಚು ಕೆಂಪಾದವು. ಅದನ್ನು ಹೇಳಿದ್ದಕ್ಕೆ ಸ್ಕೂಟಿಯ ಮೇಲೆ ದಾರಿಯುದ್ದಕ್ಕೂ ಬೈಸಿಕೊಂಡೆ.

ಇಷ್ಟೆಲ್ಲ ಯಾಕೆ, ಅಂಗಡಿಗೆ ಕೊಟ್ಟು ಸುಮ್ಮನಿರಬಾರದೇ ಎನ್ನಬಹುದು. ಅಂಗಡಿಗೂ ಕೊಟ್ಟಿದ್ದಾಳೆ. ಅಂಗಡಿಯವರು ಬೆಲೆಯ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿದುಕೊಳ್ಳುತ್ತಾರೆ. ಅವರ ಬಾಡಿಗೆ, ಕರೆಂಟು, ಮಾರಾಟವಾಗದೆ ಉಳಿಯುವ ಮಾಲು ನೋಡಿದರೆ ಅದು ಅನ್ಯಾಯವೆಂದೂ ಅನ್ನಲಾಗದು. ಪ್ರಕಾಶಕರು ತಂದ ಪುಸ್ತಕವಾದರೆ ಲೇಖಕರಿಗೆ ರೂಢಿಯಲ್ಲಿ ಸಿಗುವುದು ಶೇಕಡಾ 10ರ ಗೌರವಧನ, ಅಂದರೆ ಈ ಪುಸ್ತಕಕ್ಕೆ ಪ್ರತಿಗೆ 20 ರೂಪಾಯಿ. ಗ್ರಂಥಾಲಯದ ಸಗಟು ಖರೀದಿಯನ್ನು ನಂಬಿ ಅಚ್ಚು ಹಾಕುವವರು ಆ ಹಣಕ್ಕೆ ಕಾಯುವ ಸಹನೆಯನ್ನೂ ಇಟ್ಟುಕೊಂಡಿರಬೇಕು. ಗೆಳತಿಗೆ ಆ ಸಹನೆ ಇಲ್ಲ, ರೊಕ್ಕದ ಆಸೆಯೂ ಅಷ್ಟಕ್ಕಷ್ಟೇ. "ಯಾರ ಮನಿಗೆ ಹೋತು ಅಂತ ನನಗ ಗೊತ್ತಾಗಬೇಕು" ಎನ್ನುತ್ತಾಳೆ. ಅಂಗಡಿಯಲ್ಲಿ ಮಾರಿದ ಪ್ರತಿಗೆ ವಿಳಾಸವಿಲ್ಲ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್'ಗೆ, ಅನುವಾದಿಸಿದ ದೀಪಾ ಭಾಸ್ತಿಯವರ ಜೊತೆಗೆ, ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಸಣ್ಣಕತೆಗೆ ಒಂದಿಷ್ಟು ಮರ್ಯಾದೆ ಹೆಚ್ಚಿದೆ. ಕಾದಂಬರಿ ಯಾವಾಗ ಬರೀತೀರಿ ಎಂದು ಕೇಳುತ್ತಿದ್ದ ನೆಂಟರು ಈಗ, "ನಿನಗ ಅದು ಯಾವಾಗ ಬರ್ತೈತಿ?" ಎನ್ನುತ್ತಾರೆ, ಪಿಂಚಣಿ ಯಾವಾಗ ಶುರು ಎಂದು ಕೇಳುವ ದನಿಯಲ್ಲಿ.

ಮುಂದಿನ ಭಾನುವಾರ ರಾತ್ರಿ ಎಂಟಕ್ಕೆ ಗೂಗಲ್ ಮೀಟ್‌ನಲ್ಲಿ ಓದು. ನ್ಯೂಜೆರ್ಸಿಯಲ್ಲಿ ಆಗ ಬೆಳಗಿನ ಹತ್ತೂವರೆ, ಅಲ್ಲಿನ ಒಬ್ಬರು ದೋಸೆ ಹುಯ್ಯುತ್ತಲೇ ಸೇರಿಕೊಂಡರು. ಕಾವಲಿಯ ಚುಂಯ್ ಸದ್ದು ಧಾರವಾಡದ ಪಡಸಾಲೆಯಲ್ಲಿ ಕೇಳಿಸಿತು. ದುಬೈನವರು ಮೈಕು ತೆರೆಯಲು ತಡಕಾಡಿದರು. ಯಾರೋ, "ನಿಮ್ಮ ಕತೆಯಲ್ಲಿ ಬರುವ ಕಟ್ಟಿನ ಸಾರು ಹ್ಯಾಂಗ ಮಾಡೂದು?" ಎಂದು ಕೇಳಿ ಹತ್ತು ನಿಮಿಷ ಚರ್ಚೆ ಅದರ ಮೇಲೆಯೇ ನಡೆಯಿತು. ಒಬ್ಬ ಹುಡುಗ ಮಾತ್ರ, ಎರಡನೇ ಕತೆಯ ನಡುವೆ ಕಾಲ ಹಿಂದೆ ಮುಂದೆ ಆಗಿದೆ, ಬೇಕೆಂದೇ ಮಾಡಿದಿರಾ ಎಂದ. ಗೆಳತಿ ಆ ಪ್ರಶ್ನೆಗೆ ನೆಟ್ಟಗೆ ಕೂತಳು. ಅಲ್ಲಿಂದ ಮುಂದೆ ಆಕೆಗೆ ವ್ಯಾಪಾರ ನೆನಪಿರಲಿಲ್ಲ. ಪುಸ್ತಕದ ಬೆಲೆ, ಸಿಗುವ ಜಾಗ, ಕ್ಯೂಆರ್ ಕೋಡು ತೋರಿಸಬೇಕೆಂದು ಮಗಳು ಪರದೆಯ ಆಚೆಯಿಂದ ಕೈಸನ್ನೆ ಮಾಡಿದ್ದೇ ಮಾಡಿದ್ದು. ಪರದೇಶಕ್ಕೆ ಅಂಚೆಯಲ್ಲಿ ಕಳಿಸಿದರೆ ಸಾಗಣೆಯೇ ಪುಸ್ತಕವನ್ನು ನುಂಗುತ್ತದೆ, ಹಾಗಾಗಿ ಅವರಿಗೆ ಇ-ಪುಸ್ತಕವೇ ಗತಿ. ಅದಕ್ಕೆ ಸಹಿ ಹಾಕುವುದು ಹೇಗೆ ಎಂದು ನ್ಯೂಜೆರ್ಸಿಯ ದೋಸೆಯವರು ಕೇಳಿದ್ದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ.

ಮೀಟ್ ಮುಗಿದು ಫೋನು ಚಾರ್ಜಿಗೆ ಹಾಕುವಷ್ಟರಲ್ಲಿ ಒಂದು ಕರೆ. ರೋಣದ ಕಡೆಯ ರೈತರು. ಮೊದಲ ಕಂತಿನಲ್ಲಿ ಪುಸ್ತಕ ತರಿಸಿಕೊಂಡವರು. ಪರಿಚಯ, ಕುಶಲ ಏನೂ ಇಲ್ಲ, ನೇರ ಜಗಳಕ್ಕೇ ನಿಂತರು.

"ಮೇಡಂ, ಆ ಮುದುಕಿ ಹೊಲ ಯಾಕ ಮಾರಿದ್ಲು?"

"ಮಾರಿಲ್ರೀ ಆಕಿ. ಕೊನೀ ಪುಟ ಇನ್ನೊಮ್ಮೆ ಓದ್ರಿ."

"ಮೂರು ಸಲ ಓದೇನ್ರಿ. ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡ್ಲು ಅಂತ ಬರದೀರಿ. ಮಸಿ ಹಚ್ಚಿಕೊಂಡಾಕಿ ಒತ್ತದ ಬಿಡ್ತಾಳೇನು?"

"ಒತ್ತಿದ್ಲು ಅಂತ ನಾ ಎಲ್ಲಿ ಬರದೇನಿ?"

ಹೀಗೆ ಇಪ್ಪತ್ತು ನಿಮಿಷ. ಗೆಳತಿ ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಕೈ ಆಡಿಸುತ್ತ ವಾದಿಸಿದಳು. ಗಂಡ ಟಿವಿಯ ಸದ್ದು ಕಡಿಮೆ ಮಾಡಿ ಕೂತರು. ಇಬ್ಬರಲ್ಲಿ ಯಾರೂ ಸೋಲಲಿಲ್ಲ. ಕೊನೆಗೆ ಆ ಕಡೆಯವರೇ, ಇನ್ನೂ ಐದು ಪ್ರತಿ ಬೇಕು, ಊರಾಗ ನಾಲ್ಕು ಮಂದಿ ಓದಿ ಹೇಳಲಿ, ನಾ ಹೇಳಿದ್ದು ಖರೇನೋ ನೀವು ಹೇಳಿದ್ದೋ ಅಂತ, ಎಂದರು. ತಮ್ಮ ಕಡೆ ಫೋನ್‌ಪೇ ಇಲ್ಲ, ನಾಳೆ ಬೆಳಿಗ್ಗೆ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ರೊಕ್ಕ ಕೊಟ್ಟಿರುತ್ತಾರಂತೆ, ಪುಸ್ತಕದ ಗಂಟನ್ನು ಅವನ ಕೈಗೇ ಕೊಟ್ಟರಾಯಿತು. ಗಂಡ ಆಗಲೇ ನೋಟ್‌ಬುಕ್ ತೆರೆದಿದ್ದರು. ಬಸ್ ಎಷ್ಟು ಗಂಟೆಗೆ, ಯಾವ ಸ್ಟ್ಯಾಂಡಿಗೆ ಎಂದು ಕೈಸನ್ನೆಯಲ್ಲೇ ಕೇಳಿ ಬರೆದುಕೊಂಡರು.

"ಸಹಿ ಯಾರ ಹೆಸರಿಗೆ ಹಾಕ್ಲಿ?" ಎಂದಳು ಗೆಳತಿ.

"ನಾಲ್ಕು ಹಂಗ ಇರಲಿ. ಒಂದರ ಮ್ಯಾಲ ನಮ್ಮವ್ವನ ಹೆಸರು ಬರೀರಿ. ಆಕಿಗೆ ಓದಾಕ ಬರೂದಿಲ್ಲ, ನಾನ ಓದಿ ಹೇಳ್ತೀನಿ. ಹೊಲದ ಕತಿ ಒಂದು ಬಿಟ್ಟು."

"ಅದನ್ನ ಮೊದಲ ಓದಿ ಹೇಳ್ರಿ" ಎಂದಳು ಗೆಳತಿ, "ಕೇಳಿ ಆಕಿ ಏನಂದ್ರು ಅಂತ ನನಗ ಫೋನ್ ಹಚ್ರಿ."